ನಡಿ ಎಂದರೆ ಓಡು

ಹುಣಸೆಹಣ್ಣಿನ ವಾಸನೆಗೆ ಎಲ್ಲರ ಬಾಯಲ್ಲೂ ನೀರೂರುತ್ತದೆ. ನನ್ನ ಬಾಯಿ ಒಣಗುತ್ತದೆ. ಮೊನ್ನೆ ಬೆಂಗಳೂರಿನ ಬಸ್ಸಿನಿಂದ ಆಂಧ್ರದ ಗಡಿಯಲ್ಲಿರುವ ನಮ್ಮೂರು ಹಿಂದೂಪುರದಲ್ಲಿ ಇಳಿದಾಗಲೂ ಹಾಗೆಯೇ ಆಯಿತು. ಬೇಸಿಗೆ ಆಗಷ್ಟೇ ಕಾಲಿಟ್ಟಿತ್ತು. ಮಂಡಿಗಳ ಮುಂದೆ ಹೊಸ ಹಣ್ಣು ರಾಶಿ ಬಿದ್ದಿತ್ತು, ಹೆಂಗಸರು ಸಾಲಾಗಿ ಕುಳಿತು ಬೀಜ ಬಿಡಿಸುತ್ತಿದ್ದರು. ಆ ಹುಳಿ ಗಾಳಿ ಎದೆಗಿಳಿದ ಕ್ಷಣದಲ್ಲೇ ನನ್ನ ಕೈ, ಅಲ್ಲಿಲ್ಲದ ಒಂದು ಸೈಕಲ್ಲಿನ ಹಿಡಿಯನ್ನು ಹುಡುಕಿತು. ತಲೆಯೆತ್ತಿದರೆ ಎದುರಿನ ಗೋಡೆಯ ಮೇಲೆ ಅಂಟು ಇನ್ನೂ ಆರದ ಪೋಸ್ಟರು: ಕಲ್ಯಾಣದುರ್ಗದಲ್ಲಿ ಜಿಲ್ಲಾ ಮಟ್ಟದ ದೂರದ ಓಟದ ಆಯ್ಕೆ ಸ್ಪರ್ಧೆ. ಮುಖ್ಯ ಅತಿಥಿಯ ಹೆಸರು ಓಟದ ಹೆಸರಿಗಿಂತ ದೊಡ್ಡದಾಗಿತ್ತು. ನಾನು ಆ ಹಾಳೆಯನ್ನು ಮೇಲಿನಿಂದ ಕೆಳಗೆ, ಮತ್ತೆ ಕೆಳಗಿನಿಂದ ಮೇಲೆ ಓದಿದೆ. ನೀರು ಎಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಆ ಮಾತು ಇರಬೇಕಾಗಿತ್ತು. ಏಕೆ ಇರಬೇಕಾಗಿತ್ತು ಎಂಬುದನ್ನು ಹೇಳಲು, ಈ ದಶಕದ ಮೊದಲ ವರ್ಷಗಳಲ್ಲಿ ಬಂದ ಒಂದು ಬೇಸಿಗೆಗೆ ಹಿಂದಿರುಗಬೇಕು.

ಆಗ ನಾನು ಎಂ.ಎ. ಮುಗಿಸಿ, ಕೆಲಸ ಸಿಗದೆ, ಮನೆಯಲ್ಲಿ ಕುಳಿತಿದ್ದೆ. ನಮ್ಮ ಬೀದಿಯ ಕೊನೆಯ ಮನೆ ಗಂಗಾಧರಣ್ಣನದು. ರೇಷ್ಮೆ ಸೀರೆ ನೇಯುವವನು. ಬೆಳಗಿನಿಂದ ಸಂಜೆಯವರೆಗೆ ಗುಂಡಿ ಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತಿರುವ ಮನುಷ್ಯ. ಅಂಥವನು ನಸುಕಿನಲ್ಲಿ ಎದ್ದು ಗೋರಂಟ್ಲ ರಸ್ತೆಯಲ್ಲಿ ಓಡುತ್ತಾನೆಂಬುದು ಬೀದಿಗೆಲ್ಲ ನಗೆಯ ವಿಷಯವಾಗಿತ್ತು. ನಾನೂ ಒಮ್ಮೆ ಕೇಳಿದ್ದೆ, ಯಾಕಣ್ಣ ಎಂದು.

"ದಿನವೆಲ್ಲ ಕುಂತಲ್ಲೇ ಕಾಲಾಡಿಸ್ತೀನಿ ಕಣಮ್ಮ ಸರೋಜ. ಎಷ್ಟ್ ಆಡಿಸಿದ್ರೂ ಇದ್ದಲ್ಲೇ ಇರ್ತೀನಿ. ಬೆಳಿಗ್ಗೆ ಒಂದ್ ಗಳಿಗೆ ಈ ಕಾಲು ಎಲ್ಲಿಗಾದ್ರೂ ಹೋಗಿ ಬರ್ಲಿ ಅಂತ."

ಅವನ ಜೊತೆಗೆ ಇಬ್ಬರಿದ್ದರು. ರಾಮಾಂಜಿ ಹುಣಸೆ ಮಂಡಿಯಲ್ಲಿ ತೂಕ ಹಾಕುವವನು, ಮನೆಮಾತು ತೆಲುಗು. ತಿಪ್ಪೇಸ್ವಾಮಿ ಕುಂದುರ್ಪಿಯವನು, ಬಸ್ ಕಂಡಕ್ಟರು. ಕಲ್ಯಾಣದುರ್ಗದ ಬಸ್ಸಿನಲ್ಲಿ ಬಂದು ಹಿಂದೂಪುರದಲ್ಲಿ ತಂಗಿದಾಗಲೆಲ್ಲ ಮರುದಿನ ನಸುಕಿನಲ್ಲಿ ಇವರ ಜೊತೆ ಓಡಿ, ಸ್ನಾನ ಮಾಡಿ, ಚೀಲ ಹೆಗಲಿಗೇರಿಸಿ ಮತ್ತೆ ಬಸ್ಸು ಹತ್ತುವವನು. ಮುಂಬಯಿಯ ದೊಡ್ಡ ಮ್ಯಾರಥಾನಿಗೆ ಜಿಲ್ಲೆಯಿಂದ ಮೂವರನ್ನು ಕಳಿಸುತ್ತಾರೆಂಬ ಸುದ್ದಿ ತಂದವನು ತಿಪ್ಪೇಸ್ವಾಮಿಯೇ. ಮೂವರು ಎಂಬ ಮಾತು ಕೇಳಿದಾಗ ಆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ನನಗೆ ನೆನಪಿದೆ. ಅಂದಿನಿಂದ ಅವರ ಓಟದಲ್ಲಿ ನಗು ಸ್ವಲ್ಪ ಕಡಿಮೆಯಾಯಿತು. ಗಂಗಾಧರಣ್ಣನಿಗಂತೂ ವಯಸ್ಸು ಮೂವತ್ತು ದಾಟಿತ್ತು. "ಈ ಸಲ ಇಲ್ದಿದ್ರೆ ನಂಗೆ ಇನ್ ಯಾವ ಸಲಾನೂ ಇಲ್ಲ" ಎಂದು ಅವನು ಹೇಳುತ್ತಿದ್ದುದು ನಮಗಲ್ಲ, ತನ್ನ ಮೊಣಕಾಲಿಗೆ.

ನನಗೆ ಸಿಕ್ಕ ಕೆಲಸ ನೀರಿನದು. ಗಂಗಾಧರಣ್ಣನ ಹೆಂಡತಿ ಲಕ್ಷ್ಮೀದೇವಕ್ಕ ಹುಣಸೆಹಣ್ಣು, ಬೆಲ್ಲ, ಉಪ್ಪು ಕಲಸಿ ಪಾನಕ ಮಾಡಿ ಕ್ಯಾನಿಗೆ ತುಂಬುತ್ತಿದ್ದಳು. ಅದನ್ನು ಸೈಕಲ್ಲಿಗೆ ಕಟ್ಟಿ ಅವರ ಪಕ್ಕದಲ್ಲಿ ಹೋಗುವುದು ನನ್ನ ಪಾಲು. ಎಂ.ಎ. ಓದಿದ ಹುಡುಗಿ ನಸುಕಿನಲ್ಲಿ ಮೂರು ಗಂಡಸರ ಹಿಂದೆ ಸೈಕಲ್ಲು ಹೊಡೆಯುವುದನ್ನು ನಮ್ಮ ತಂದೆ ಎರಡು ದಿನ ಮಾತುಬಿಟ್ಟು ಸಹಿಸಿಕೊಂಡರು, ಮೂರನೆಯ ದಿನ ಅವರೇ ಗಾಲಿಗೆ ಗಾಳಿ ತುಂಬಿಸಿಕೊಂಡು ಬಂದರು. ಲಕ್ಷ್ಮೀದೇವಕ್ಕ ಮಾತ್ರ ಪ್ರತಿದಿನವೂ ಕ್ಯಾನಿನ ಮುಚ್ಚಳ ಬಿಗಿಯುತ್ತ ಅದೇ ಮಾತು ಹೇಳುತ್ತಿದ್ದಳು: "ಹೋದೋರು ಮನೆಗೆ ಬಂದ್ರೆ ಸಾಕು ಕಣಮ್ಮ. ಬೊಂಬಾಯಿ ಗಿಂಬಾಯಿ ಆಮೇಲೆ."

ಮೊದಲ ವಾರದಲ್ಲೇ ಒಂದು ಜಗಳ ನಡೆಯಿತು. ಏರಿನಲ್ಲಿ ರಾಮಾಂಜಿ ಹಿಂದೆ ಬಿದ್ದಿದ್ದ. ಗಂಗಾಧರಣ್ಣ ತಿರುಗಿ, ಹುರಿದುಂಬಿಸುವ ದನಿಯಲ್ಲಿ "ಓಡ್ಲಾ, ಓಡು, ಓಡು!" ಎಂದು ಕೂಗಿದ. ರಾಮಾಂಜಿ ರಸ್ತೆಯ ನಡುವೆ ನಿಂತೇಬಿಟ್ಟ.

"ಏಂದಿ ಸ್ವಾಮಿ ಇದಿ! ಪೊದ್ದುಪೊದ್ದುನ್ನೇ, ಬೆಳ್ಬೆಳಿಗ್ಗೇನೇ ಓಡು ಅಂತೀಯಲ್ಲಪ್ಪ?"

ತೆಲುಗಿನಲ್ಲಿ ಓಡು ಎಂದರೆ ಸೋಲು. ಎರಡು ಭಾಷೆಯನ್ನೂ ಒಂದೇ ತಟ್ಟೆಯಲ್ಲಿ ಉಣ್ಣುವ ನಮ್ಮ ಊರಿನಲ್ಲಿ ಇದು ಯಾರಿಗೂ ತಿಳಿಯದ ಸಂಗತಿಯಲ್ಲ.

"ನಿಂಗೆ ಕನ್ನಡ ಗೊತ್ತಿಲ್ವೇನ್ಲಾ? ಓಡು ಅಂದ್ರೆ ಓಡು" ಎಂದ ಗಂಗಾಧರಣ್ಣ.

"ಅರ್ಥ ಗೊತ್ತು ಕಣಪ್ಪ. ಆದ್ರೆ ಕಿವಿ ತೆಲುಗುದು. ನೀನು ಓಡು ಅಂದ್ಬುಟ್ರೆ ನನ್ ಕಾಲು ಸೋತೋಯ್ತವೆ."

ನಾವೆಲ್ಲ ನಕ್ಕೆವು. ಆದರೆ ಆಯ್ಕೆಯ ಆತಂಕದಲ್ಲಿದ್ದ ಮನುಷ್ಯನ ಕಿವಿಯ ಜೊತೆ ವಾದ ಮಾಡಲು ಬರುವುದಿಲ್ಲ. ಪರಿಹಾರ ಹೇಳಿದವನು ತಿಪ್ಪೇಸ್ವಾಮಿ. "ನಡಿ ಅನ್ನಿ. ನಾನು ಬಸ್ಸಲ್ಲಿ ದಿನವೆಲ್ಲ ಅದೇ ಅರಚೋದು, ನಡಿ ನಡಿ, ಮುಂದಕ್ ನಡಿ ಅಂತ. ಅಲ್ಲಿ ಒಬ್ರೂ ಅಲ್ಲಾಡಲ್ಲ. ನೀವಾದ್ರೂ ಅಲ್ಲಾಡ್ರಿ."

ಹೀಗೆ ಆ ಗುಂಪಿನಲ್ಲಿ ಓಡು ಎಂಬ ಮಾತು ಸತ್ತು, ನಡಿ ಎಂಬುದು ಅದರ ಪಟ್ಟಕ್ಕೇರಿತು. ಹಬ್ಬಿತು ಕೂಡ. ನಸುಕಿಗೇ ಮಂಡಿಗೆ ಬರುವ ಹೆಂಗಸರು, ಹಾಲಿನವರು, ಟೀ ಅಂಗಡಿಯವನು, ಎಲ್ಲರೂ ಇವರನ್ನು ಕಂಡರೆ "ನಡಿ! ನಡಿ!" ಎಂದು ಕೂಗುತ್ತಿದ್ದರು, ತೆಲುಗಿನವರ ಬಾಯಲ್ಲಿ ಅದು "ನಡೂ!" ಆಗುತ್ತಿತ್ತು. ಸೈಕಲ್ಲಿನ ಮೇಲಿನಿಂದ ನಾನು ಗಮನಿಸಿದ್ದೇನೆ: ಗಂಗಾಧರಣ್ಣ ಎಷ್ಟೇ ದಣಿದಿರಲಿ, ಆ ಮಾತು ಬಿದ್ದೊಡನೆ ಅವನ ಹೆಜ್ಜೆ ಉದ್ದವಾಗುತ್ತಿತ್ತು. ಅವನು ಯೋಚಿಸಿ ಹಾಗೆ ಮಾಡುತ್ತಿರಲಿಲ್ಲ. ಮಗ್ಗದ ಕಾಲುಮಣೆಯನ್ನು ತುಳಿದರೆ ದಾರ ಮೇಲೇಳುವಂತೆ ಮಾತು ನೇರವಾಗಿ ಕಾಲಿಗೆ ಹೋಗುತ್ತಿತ್ತು.

ಬಿಸಿಲು ಬಲಿಯುತ್ತ ಬಂದಂತೆ ನನ್ನ ನಿದ್ದೆ ಕಡಿಮೆಯಾಯಿತು. ಆಯ್ಕೆಯ ಓಟ ಕಲ್ಯಾಣದುರ್ಗದಿಂದ ಕುಂದುರ್ಪಿಯ ಕಡೆಗೆ ಹೋಗಿ ಹಿಂದಿರುಗುವುದೆಂದು ಗೊತ್ತಾದಾಗ ತಿಪ್ಪೇಸ್ವಾಮಿಯ ಮುಖ ಸಪ್ಪಗಾಯಿತು. "ಆ ರೋಡು ನಂಗೊತ್ತು. ಊರು ದಾಟಿದ್ರೆ ಒಂದ್ ಗಿಡದ ನೆಳ್ಳಿಲ್ಲ, ಬರೀ ಕಡ್ಲೆಕಾಯಿ ಹೊಲ. ಹೊತ್ತು ಮೇಲೇರೋಕ್ ಮುಂಚೆ ಮುಗಿಸ್ಬೇಕು. ಇಲ್ದಿದ್ರೆ ಬೇಯ್ತೀವಿ ಕಣಪ್ಪ." ಸೂರ್ಯೋದಯಕ್ಕೇ ಓಟ ಶುರು, ದಾರಿಯಲ್ಲಿ ನೀರಿನ ವ್ಯವಸ್ಥೆ ಇದೆ ಎಂದು ಕ್ರೀಡಾ ಸಂಘದವರು ಹೇಳಿದ್ದರು. ನಾವು ನಂಬಿದೆವು. ನಂಬದೆ ಇರಲು ಆಗ ನಮಗೆ ಕಾರಣವಿರಲಿಲ್ಲ.

ಆಯ್ಕೆಯ ದಿನ ಬೆಳಕು ಹರಿಯುವ ಮುಂಚೆಯೇ ಓಟಗಾರರು ಸಾಲಾಗಿ ನಿಂತಿದ್ದರು. ಸೂರ್ಯ ಹುಟ್ಟಿದ, ಮುಖ್ಯ ಅತಿಥಿ ಬರಲಿಲ್ಲ. ಎಲ್ಲರನ್ನೂ ಶಾಮಿಯಾನದಡಿ ಕೂರಿಸಿದರು. ಈಗ ಬರುತ್ತಾರೆ, ಹೊರಟಿದ್ದಾರೆ, ದಾರಿಯಲ್ಲಿದ್ದಾರೆ ಎಂದು ಮೈಕು ಹೇಳುತ್ತಲೇ ಇತ್ತು. ಗಂಗಾಧರಣ್ಣ ಬೆಳಗಿನ ಓಟಕ್ಕೆಂದು ತಿಂದಿದ್ದ ಎರಡು ಬಾಳೆಹಣ್ಣು ಕರಗಿ ಹೋಗಿದ್ದವು. ಮತ್ತೆ ತಿನ್ನಲು ಅವನಿಗೆ ಧೈರ್ಯವಿಲ್ಲ. ತಿಂದ ಮರುಕ್ಷಣವೇ ಓಟ ಶುರುವಾದರೆ? ನೀರನ್ನೂ ಹಾಗೆಯೇ ಗುಟುಕು ಗುಟುಕಾಗಿ ಹೆದರಿ ಕುಡಿದ. ನನ್ನ ಕಣ್ಣು ಶಾಮಿಯಾನದ ನೆರಳಿನ ಅಂಚಿನ ಮೇಲಿತ್ತು. ಅದು ನಮ್ಮ ಕಡೆಗೆ ಕುಗ್ಗುತ್ತ ಬರುತ್ತಿತ್ತು.

ಅತಿಥಿ ಬಂದಾಗ ರಸ್ತೆಯ ಡಾಂಬರು ಮೆತ್ತಗಾಗಿತ್ತು. ಹಾರ, ಸ್ವಾಗತ, ಯುವಶಕ್ತಿಯ ಬಗ್ಗೆ ಭಾಷಣ, ಅದಕ್ಕೆ ವಂದನೆ. ತಿಪ್ಪೇಸ್ವಾಮಿ ಕೈಯೆತ್ತಿ, "ಸಾರ್, ನಾಳೆ ಬೆಳಿಗ್ಗೆ ಇಟ್ಕೊಂಡ್ರೆ ಆಗಲ್ವಾ?" ಎಂದು ಕೇಳಿದ.

"ಇಷ್ಟವಿಲ್ದಿದ್ರೆ ಓಡ್ಬೇಡಪ್ಪ, ಯಾರ್ ಬಲವಂತ ಮಾಡಿದ್ರು?" ಎಂಬ ಉತ್ತರ ವೇದಿಕೆಯಿಂದಲೇ ಬಂತು. ಕೆಲವರು ನಕ್ಕರು.

ಬಸ್ಸಿನ ಮೇಲೆ ಹಾಕಿ ತಂದಿದ್ದ ಸೈಕಲ್ಲನ್ನು ನಾನು ಹತ್ತಿದಾಗ ಒಬ್ಬ ಸ್ವಯಂಸೇವಕ ಹಿಡಿ ಹಿಡಿದು ನಿಲ್ಲಿಸಿದ. ಹೊರಗಿನವರ ಕೈಯಿಂದ ನೀರು ಕುಡಿದರೆ ಓಟಗಾರ ಅನರ್ಹ. ಸಂಘದ ನೀರು ದಾರಿಯಲ್ಲಿದೆ ಎಂದ. ದಾರಿಯಲ್ಲಿ ಏನೂ ಇರಲಿಲ್ಲ. ನೀರಿನ ಟ್ಯಾಂಕರು ಬೆಳಿಗ್ಗೆ ಬಂದದ್ದು ನಿಜ. ಅತಿಥಿಯ ಕಾರಿಗೆ ಧೂಳು ಹಿಡಿಯದಿರಲೆಂದು ಅದನ್ನು ಶಾಮಿಯಾನದವರೆಗಿನ ಮಣ್ಣುದಾರಿಗೆ ಚಿಮುಕಿಸಿ ಖಾಲಿ ಮಾಡಿದ್ದರು. ಆ ಒದ್ದೆ ಮಣ್ಣಿನ ವಾಸನೆಯನ್ನು ನಾವೆಲ್ಲ ಕುಳಿತು ಸವಿದಿದ್ದೆವು.

ಊರಿನ ಕೊನೆಯ ಮನೆಗಳಾಚೆ, ಓಟ ಹಿಂದಿರುಗುವ ಹಾದಿಯಲ್ಲಿ, ಕ್ಯಾನು ತಬ್ಬಿಕೊಂಡು ನಿಂತೆ. ಕಾಯುವುದೆಂದರೆ ಏನೆಂದು ಆ ರಸ್ತೆಯಲ್ಲಿ ಕಲಿತೆ. ದೂರದಲ್ಲಿ ಡಾಂಬರು ನೀರಿನಂತೆ ಹೊಳೆಯುತ್ತಿತ್ತು. ಅದರೊಳಗಿಂದ ಆಕೃತಿಗಳು ಕಾಲಿಲ್ಲದೆ ತೇಲಿ ಬರುತ್ತಿದ್ದವು. ಮುಂದಿದ್ದ ಇಬ್ಬರಲ್ಲಿ ಒಬ್ಬನಾಗಿ ತಿಪ್ಪೇಸ್ವಾಮಿ ಬಂದ, ಸ್ವಲ್ಪ ಹಿಂದೆ ರಾಮಾಂಜಿ. ರಾಮಾಂಜಿ ನನ್ನ ಕಡೆ ಕೈಯಾಡಿಸಿ ಹಿಂದಕ್ಕೆ ತೋರಿಸಿದ; ಮಾತಾಡಲು ಅವನಿಗೆ ಉಸಿರಿರಲಿಲ್ಲ. ಆಮೇಲೆ ಗಂಗಾಧರಣ್ಣ ಕಂಡ. ರಸ್ತೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ತೂರಾಡುತ್ತಿದ್ದ. ಮೈಯಲ್ಲಿ ಬೆವರು ಇರಲಿಲ್ಲ, ಅದೇ ನನ್ನನ್ನು ಹೆದರಿಸಿದ್ದು. ಅವನ ಹಿಂದೆಯೇ ಸಂಘದ ಜೀಪು. ಅದರಿಂದ ಒಬ್ಬ ಅರ್ಧ ಮೈ ಹೊರಗೆ ಚಾಚಿ ಕೈಮೈಕಿನಲ್ಲಿ ಕೂಗುತ್ತಿದ್ದ: "ನಡೂ! ನಡೂ! ನಡೂ!"

ಗಂಗಾಧರಣ್ಣನ ಹೆಜ್ಜೆ ಉದ್ದವಾಯಿತು. ಅವನು ನೆಟ್ಟಗಾದ. ತೂರಾಟ ನಿಂತಿತು, ಬೆಳಗಿನ ಗೋರಂಟ್ಲ ರಸ್ತೆಯಲ್ಲಿ ಓಡುವವನಂತೆ ಓಡಿದ. ನಿಲ್ಲಣ್ಣ ಎಂದು ನಾನು ಅರಚಿದೆ. ಜೀಪು ಅವನನ್ನು ದಾಟಿ ಊರಿನ ಕಡೆ ಹೋಯಿತು. ನನ್ನ ಮುಂದೆ ಬರುವಷ್ಟರಲ್ಲಿ ಅವನ ಮೊಣಕಾಲು ಮಡಚಿಕೊಂಡಿತು.

ಅವನ ಹಲ್ಲು ಕಚ್ಚಿಕೊಂಡಿತ್ತು, ಕುಡಿಸಲು ಆಗಲಿಲ್ಲ. ಕ್ಯಾನಿನಲ್ಲಿದ್ದ ಪಾನಕವನ್ನೆಲ್ಲ ತಲೆಗೆ, ಎದೆಗೆ ಸುರಿದೆ. ಮುಗಿಲಿಗೆ ಮುಖ ಮಾಡಿ ಕೂಗಿದೆ. ನನ್ನ ಕೂಗನ್ನು ಕೇಳಿ ತಿರುಗಿ ಬಂದವನು ರಾಮಾಂಜಿ. ಅವನು ಆಗ ಮೂರನೆಯವನಾಗಿದ್ದ. ಶಾಮಿಯಾನದ ಬಾವುಟಗಳು ಅವನ ಕಣ್ಣಿಗೆ ಕಾಣುತ್ತಿದ್ದವು. ಕುರಿ ಸಾಗಿಸುವ ವ್ಯಾನೊಂದನ್ನು ರಸ್ತೆಗೆ ಅಡ್ಡ ನಿಂತು ನಿಲ್ಲಿಸಿದ. ಕುರಿಗಳ ನಡುವೆ ಗಂಗಾಧರಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ; ನಾನೂ ಹತ್ತಿ ಪಕ್ಕದಲ್ಲಿ ಕುಳಿತೆ. ಆ ಮುಚ್ಚಿದ ವ್ಯಾನಿನಲ್ಲಿ ಬಿಸಿ ಚರ್ಮದ ಮೇಲೆ ಒಣಗುತ್ತಿದ್ದ ಹುಣಸೆಯ ವಾಸನೆಯೇ ಇಂದಿಗೂ ನನ್ನ ಬಾಯನ್ನು ಒಣಗಿಸುವ ವಾಸನೆ.

ಅವನು ಬದುಕಿದ. ಕಲ್ಯಾಣದುರ್ಗದಿಂದ ಅನಂತಪುರದ ಆಸ್ಪತ್ರೆಗೆ ಸಾಗಿಸಿದರು. ಮೂತ್ರದಲ್ಲಿ ರಕ್ತ ಹೋಯಿತು, ಮೂತ್ರಪಿಂಡ ಸೋತಿತ್ತು. ಹಲವು ವಾರ ಕಳೆದ ಮೇಲೆ ವೈದ್ಯರು ಮನೆಗೆ ಹೋಗಲು ಬಿಟ್ಟರು. ಇನ್ನು ಓಡುವಂತಿಲ್ಲ ಎಂದರು. ಅಷ್ಟರಲ್ಲಿ ಸಂಘದ ತೀರ್ಮಾನವೂ ಬಂದಿತ್ತು. ತಿಪ್ಪೇಸ್ವಾಮಿ ಆಯ್ಕೆಯಾಗಿದ್ದ. ರಾಮಾಂಜಿ ಓಟ ಮುಗಿಸಿರಲಿಲ್ಲ. ಗಂಗಾಧರಣ್ಣ ಸಂಘದವರ ಸೂಚನೆ ಮೀರಿದ್ದಕ್ಕಾಗಿ, ಅಶಿಸ್ತಿನ ಕಾರಣ, ಮುಂದೆ ಯಾವ ಸ್ಪರ್ಧೆಗೂ ಬರುವಂತಿಲ್ಲ.

ಅವನು ಮುಂದೆ ಓಡಲಾರನೆಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಆ ಒಂದು ಮಾತು ಅವನನ್ನು ತಿಂದುಹಾಕಿತು. "ನಾನು ಯಾರ್ ಮಾತು ಮೀರ್ದೆ? ಜ್ಞಾಪಕಾನೇ ಇಲ್ವಲ್ಲ ಕಣಮ್ಮ" ಎಂದು ಹಾಸಿಗೆಯಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದ. ಬಿದ್ದದ್ದಕ್ಕಿಂತ ಅದು ಹೆಚ್ಚು ನೋಯಿಸಿತು. ಮಾತು ಕೇಳದವನು ಎಂದು ಅವನನ್ನು ಯಾರೂ ಅದುವರೆಗೆ ಅಂದಿರಲಿಲ್ಲ.

ಲಕ್ಷ್ಮೀದೇವಕ್ಕ, ರಾಮಾಂಜಿ, ನಾನು ಅನಂತಪುರಕ್ಕೆ ಹೋದೆವು. ಸಂಘದ ಕಾರ್ಯದರ್ಶಿ ಫ್ಯಾನಿನ ಕೆಳಗೆ ಕುಳಿತಿದ್ದರು. ಜೀಪಿನಲ್ಲಿ ಕೂಗಿದವರು ಅವರೇ. ಸಾಯುತ್ತಿದ್ದವನನ್ನು ಓಡಿಸಿದ ಮನುಷ್ಯನ ಮುಂದೆ ನಾನು ನಿಂತಿದ್ದೆ.

"ಏನ್ ಹೇಳಿದ್ರಿ ಸಾರ್ ನೀವು, ಅವ್ರು ಮೀರಿದ್ದು?" ಎಂದು ಲಕ್ಷ್ಮೀದೇವಕ್ಕ ಕೇಳಿದಳು.

"ನಡು ಅನಿ ಚೆಪ್ಪಾಂ ಕದಮ್ಮಾ! ಓಡ್ಬೇಡ, ನಡ್ಕೊಂಡ್ ಬಾ ಅಂತ. ಒಂದ್ ಸಲ ಅಲ್ಲ, ಮೂರ್ ಸಲ, ಮೈಕಲ್ಲಿ. ಅವನು ಕೇಳಲಿಲ್ಲ, ಇನ್ನೂ ಜೋರಾಗಿ ಓಡ್ದ. ನಾವೇನ್ ಮಾಡೋಣ?"

ತೆಲುಗಿನಲ್ಲಿ ನಡು ಎಂದರೆ ನಡೆ. ನಮ್ಮ ನಡಿಗೂ ಅದಕ್ಕೂ ಒಂದು ಸ್ವರದ ಅಂತರ. ರಾಮಾಂಜಿ ತನ್ನ ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿಕೊಂಡ. ಲಕ್ಷ್ಮೀದೇವಕ್ಕ ಗೋಡೆ ಹಿಡಿದು ಮೆಲ್ಲಗೆ ನೆಲದ ಮೇಲೆ ಕುಳಿತಳು.

"ನಮ್ಮೋರಲ್ಲಿ ನಡಿ ಅಂದ್ರೆ ಓಡು ಅಂತ ಸಾರ್" ಎಂದಳು. "ಅವ್ರು ನಿಮ್ ಮಾತು ಕೇಳಿದ್ರು."

ಕಾರ್ಯದರ್ಶಿ ನಕ್ಕರು. "ಇದ್ಯಾವ ಊರಿನ ಭಾಷೆಯಮ್ಮಾ?"

ಆ ನಗು ಮುಗಿಯುವುದರೊಳಗೆ ನನಗೆ ಇನ್ನೊಂದು ಹೊಳೆಯಿತು. ಅದುವರೆಗೆ ನಾನು ಅವರನ್ನು ಕಣ್ಣಿದ್ದೂ ಕಾಣದವರು ಎಂದುಕೊಂಡಿದ್ದೆ. ದಣಿದವನೊಬ್ಬನನ್ನು ಹುರುಪಿನಿಂದ ಕೂಗಿದ ಮೂರ್ಖರು ಎಂದುಕೊಂಡಿದ್ದೆ. "ಹಾಗಾದ್ರೆ ನೀವು ನೋಡಿದ್ರಿ" ಎಂದೆ.

"ಏನು?"

"ಅವ್ರು ಓಡೋ ಸ್ಥಿತೀಲಿ ಇಲ್ಲ ಅನ್ನೋದು ನಿಮಗೆ ಕಂಡಿತ್ತು. ಕಂಡಿದ್ದಕ್ಕೇ ನಡು ಅಂದ್ರಿ. ಜೀಪು ಯಾಕೆ ನಿಲ್ಲಿಸ್ಲಿಲ್ಲ? ಯಾಕೆ ಹತ್ತಿಸ್ಕೊಳ್ಲಿಲ್ಲ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಬಹುಮಾನ ವಿತರಣೆಗೆ ಹೊತ್ತಾಗಿತ್ತಮ್ಮಾ. ದೊಡ್ಡವರು ಕಾಯ್ತಿದ್ರು."

ನಾನು ಓದಿದ ವಿಶ್ವವಿದ್ಯಾಲಯದಲ್ಲಿ ತಪ್ಪಿಗೂ ಅಪರಾಧಕ್ಕೂ ಇರುವ ಭೇದವನ್ನು ಪುಟಗಟ್ಟಲೆ ಬರೆಸಿದ್ದರು. ಅದು ನನಗೆ ಅರ್ಥವಾದದ್ದು ಆ ಕೋಣೆಯಲ್ಲಿ. ಭಾಷೆ ಅಡ್ಡ ಬಂದದ್ದು ತಪ್ಪು; ಅದಕ್ಕೆ ಯಾರೂ ಹೊಣೆಯಲ್ಲ. ಗಂಟೆಗಟ್ಟಲೆ ಮನುಷ್ಯರನ್ನು ಕಾಯಿಸಿ ಉರಿಬಿಸಿಲಿಗೆ ಅಟ್ಟಿದ್ದು, ಅವರ ನೀರನ್ನು ಧೂಳಿಗೆ ಕುಡಿಸಿದ್ದು, ಕುಸಿಯುತ್ತಿದ್ದವನನ್ನು ಕಣ್ಣಾರೆ ಕಂಡು ಒಂದು ಮಾತು ಎಸೆದು ಮುಂದೆ ಹೋದದ್ದು ಭಾಷೆಯ ತಪ್ಪಲ್ಲ. ಆ ಮಾತು ಅವನಿಗೆ ಸರಿಯಾಗಿ ಅರ್ಥವಾಗಿದ್ದರೂ ನಡೆಯುವವನಿಗೆ ಕೊಡಲು ಆ ಜೀಪಿನಲ್ಲಿ ನೀರಿರಲಿಲ್ಲ. ಆಮೇಲೆ ನಾನು ಅರ್ಜಿಗಳನ್ನು ಬರೆದೆ, ಪತ್ರಿಕೆಗಳಿಗೆ ಬರೆದೆ, ಮತ್ತೆ ಮತ್ತೆ ಆ ಕೋಣೆಯ ಮುಂದೆ ನಿಂತೆ. ಅಶಿಸ್ತು ಎಂಬ ಮಾತನ್ನು ಅವರು ಹಿಂತೆಗೆದುಕೊಳ್ಳಲಿಲ್ಲ.

ತಿಪ್ಪೇಸ್ವಾಮಿ ಮುಂಬಯಿಗೆ ಹೋಗುವುದಿಲ್ಲವೆಂದು ಹಟ ಹಿಡಿದಿದ್ದ. ಗಂಗಾಧರಣ್ಣನೇ ಬೈದು ಕಳಿಸಿದ. ಹೋಗಿ ಬಂದವನು ಹಾಸಿಗೆಯ ಪಕ್ಕದಲ್ಲಿ ಕುಳಿತು, ಸಮುದ್ರದ ಸುದ್ದಿ ಹೇಳಲಿಲ್ಲ, ಕಟ್ಟಡಗಳ ಸುದ್ದಿ ಹೇಳಲಿಲ್ಲ. "ಒಂದಷ್ಟು ದೂರಕ್ ಒಂದ್ ಟೇಬಲ್ಲು, ಅದರ ತುಂಬ ನೀರು ಕಣಣ್ಣ" ಎಂದ. "ಕುಡಿಯೋರು ಒಂದ್ ಗುಟುಕು ಕುಡಿದು ಮಿಕ್ಕಿದ್ದು ತಲೆ ಮೇಲೆ ಸುರ್ಕೋತಾರೆ. ರೋಡೆಲ್ಲ ನೀರು. ನಾನು ಕಾಲಿಡೋಕೆ ಆಗ್ದೆ ನಿಂತ್ಬುಟ್ಟೆ."

ಮೊನ್ನೆ ಪೋಸ್ಟರು ಓದಿದ ಮರುದಿನ ನಸುಕಿನಲ್ಲಿ ಗೋರಂಟ್ಲ ರಸ್ತೆಗೆ ಹೋದೆ. ಗಂಗಾಧರಣ್ಣ ಮೋರಿಯ ಕಟ್ಟೆಯ ಮೇಲೆ ಕುಳಿತಿದ್ದ. ಮಗ್ಗದಲ್ಲಿ ಈಗ ಅವನು ಅರ್ಧ ಹೊತ್ತು ಮಾತ್ರ ಕೂರುತ್ತಾನೆ, ಉಳಿದರ್ಧ ಲಕ್ಷ್ಮೀದೇವಕ್ಕನದು. ಅವನ ಪಕ್ಕದಲ್ಲಿ ಅದೇ ಕ್ಯಾನು. ರಸ್ತೆಯ ಮೇಲೆ ಹೊಸ ಓಟಗಾರರ ಗುಂಪೊಂದು ಏರು ಹತ್ತುತ್ತಿತ್ತು, ಅವರಲ್ಲಿ ಇಬ್ಬರು ಹುಡುಗಿಯರೂ ಇದ್ದರು. ಎಲ್ಲರೂ ಕಲ್ಯಾಣದುರ್ಗದ ಆಯ್ಕೆಗೆ ಹೆಸರು ಕೊಟ್ಟವರು. ಶಾಮಿಯಾನ ಯಾವ ಹೊತ್ತಿಗೆ ಖಾಲಿಯಾಗುತ್ತದೆ? ಟ್ಯಾಂಕರು ಎಲ್ಲಿ ನಿಲ್ಲುತ್ತದೆ? ಜೀಪಿನಲ್ಲಿ ಯಾರಿರುತ್ತಾರೆ? ಈ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರು ಈ ಬರಹವನ್ನು ಓದುವಷ್ಟು ಕನ್ನಡ ಬಲ್ಲರು. ಭಾಷೆ ತಿಳಿಯಲಿಲ್ಲ ಎಂದು ಈ ಸಲ ಹೇಳುವಂತಿಲ್ಲ.

ಗುಂಪಿನ ಹಿಂದೆ ಬರುತ್ತಿದ್ದವನು ರಾಮಾಂಜಿ. ಕೂದಲು ನರೆತಿದೆ, ದನಿ ಹಾಗೆಯೇ ಇದೆ. ಅವನು ಕೂಗಿದ: "ಓಡ್ರೋ! ಓಡು, ಓಡು!"

ನಾನು ಬೆಚ್ಚಿ ತಿರುಗಿದೆ. "ಏನ್ ರಾಮಾಂಜಣ್ಣ, ನಿನ್ ಕಿವಿ?"

"ಸೋತ್ರೆ ಸೋಲ್ಲಿ ಬುಡಮ್ಮ" ಎಂದ, ಏದುಸಿರು ಬಿಡುತ್ತ ನಿಂತು. "ಓಡು ಅಂದ್ರೆ ಓಡು, ನಡಿ ಅಂದ್ರೆ ನಡಿ. ಎರಡೂ ಭಾಷೆಯೋರ ಕಿವೀಗೂ ಒಂದೇ ಕೇಳಿಸ್ಲಿ."

ಗಂಗಾಧರಣ್ಣ ನನ್ನ ಕಡೆ ನೋಡಿದ. "ಬರೀತೀಯಂತಲ್ಲ ಕಣಮ್ಮ. ಒಂದ್ ಮಾತು ಬರಿ, ಸಾಕು. ಗಂಗಾಧರ ಮಾತು ಕೇಳ್ದ ಅಂತ."

ಬರೆಯುತ್ತೇನೆ ಎಂದೆ. ಬಿಸಿಲು ಮೋರಿಯ ಕಟ್ಟೆಯವರೆಗೆ ಬಂದಿತ್ತು. ರಾಮಾಂಜಿ ಕ್ಯಾನನ್ನು ಕೈಗೆತ್ತಿಕೊಂಡು, ಇನ್ನೊಂದು ಕೈಯನ್ನು ಗೆಳೆಯನ ಕಡೆ ಚಾಚಿ, "ನಡಿ" ಎಂದ.

ಗಂಗಾಧರಣ್ಣ ಎದ್ದು, ಮೆಲ್ಲಗೆ ನಡೆದ.